ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುವುದೇಕೆ, ಅದು ಎಷ್ಟು ಸುರಕ್ಷಿತ?

ಪ್ರಶ್ನೆ: ನನ್ನ ತಾಯಿಗೆ 63 ವರ್ಷ. ಪಿತ್ತಕೋಶದಲ್ಲಿ ಕಲ್ಲುಗಳಿರುವುದರಿಂದ ಲ್ಯಾಪರೊಸ್ಕೋಪಿ ವಿಧಾನದಲ್ಲಿ ಪಿತ್ತಕೋಶವನ್ನು ತೆಗೆಯಬೇಕೆಂದು ವೈದ್ಯರು ಹೇಳಿದ್ದಾರೆ. ಆಗ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತಾರಂತೆ. ಅದು ನಾವು ಉಸಿರಿನಲ್ಲಿ ಹೊರಹಾಕುವ ಕಲ್ಮಶವಲ್ಲವೇ? ಅಮ್ಮನಿಗೆ ಬಹಳ ವರ್ಷಗಳಿಂದ ಉಬ್ಬಸವಿದೆ, ಇನ್ಹೇಲರ್ ಬಳಸುತ್ತಾರೆ. ಅವರಿಗೆ ಈ ಅನಿಲದಿಂದ ಅಪಾಯವಿದೆಯೇ? ಅಣ್ಣನಿಗೆ ಹಿಂದೆ ಕೊಲೊನೊಸ್ಕೋಪಿ ಮಾಡಿದಾಗ ಬರಿಯ ಗಾಳಿಯನ್ನೇ ಹಾಯಿಸಿದ್ದರು, ಆಮೇಲೆ ದಿನವಿಡೀ ಹೊಟ್ಟೆಯುಬ್ಬರದಿಂದ ಒದ್ದಾಡಿದ. ಒಂದೆಡೆ ಗಾಳಿ, ಇನ್ನೊಂದೆಡೆ ಈ ಅನಿಲ ಏಕೆ? ಹೊಟ್ಟೆಯ ಆಪರೇಷನ್ ಆದವರಿಗೆ ಭುಜ ನೋಯುತ್ತದೆ ಎನ್ನುವುದು ನಿಜವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಖ್ಯ ಭಾಗ ಅಡಗಿದೆ. ಇಂಗಾಲದ ಡೈಆಕ್ಸೈಡನ್ನು ನಾವು ಉಸಿರಿನಲ್ಲಿ ಹೊರಹಾಕುತ್ತೇವೆ ಎಂಬ ಕಾರಣಕ್ಕಾಗಿಯೇ ಶಸ್ತ್ರಚಿಕಿತ್ಸಕರು ಅದನ್ನು ಆರಿಸಿಕೊಂಡಿದ್ದಾರೆ. ಹೊಟ್ಟೆಯೊಳಗೆ ಹಾಯಿಸಿದ ಯಾವ ಅನಿಲವಾದರೂ ಸ್ವಲ್ಪ ಮಟ್ಟಿಗೆ ರಕ್ತಕ್ಕೆ ಸೇರಿಯೇ ಸೇರುತ್ತದೆ. ಹಾಗೆ ಸೇರಿದ ಅನಿಲವನ್ನು ಸಾಗಿಸಿ ಹೊರದೂಡುವ ವ್ಯವಸ್ಥೆ ದೇಹದಲ್ಲಿ ಹುಟ್ಟಿನಿಂದಲೇ ಸಿದ್ಧವಾಗಿರುವುದು ಈ ಒಂದು ಅನಿಲಕ್ಕೆ ಮಾತ್ರ. ಆದ್ದರಿಂದ ನಿಮ್ಮ ತಾಯಿಯವರ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಅನಿಲ ಯಾವುದು ಎಂಬುದಕ್ಕಿಂತ, ಅದನ್ನು ಎಷ್ಟು ಒತ್ತಡದಲ್ಲಿ, ಎಷ್ಟು ವೇಗದಲ್ಲಿ ಹಾಯಿಸುತ್ತಾರೆ, ರಕ್ತಕ್ಕೆ ಸೇರಿದ್ದನ್ನು ಅವರ ಶ್ವಾಸಕೋಶಗಳು ಎಷ್ಟು ಚೆನ್ನಾಗಿ ಹೊರಹಾಕಬಲ್ಲವು ಎಂಬುದು. ಉಬ್ಬಸವಿರುವವರಲ್ಲಿ ಈ ಕೊನೆಯ ಅಂಶಕ್ಕೆ ಹೆಚ್ಚಿನ ತೂಕವಿದೆ, ಅದಕ್ಕೆ ಮುಂದೆ ವಿವರವಾಗಿ ಬರುತ್ತೇನೆ.

ಮೊದಲು, ಅನಿಲ ಏಕೆ ಬೇಕು? ಹೊಟ್ಟೆಯ ಗೋಡೆ ಒಳಗಿನ ಅಂಗಗಳಿಗೆ ತಾಗಿಕೊಂಡೇ ಇರುತ್ತದೆ, ನಡುವೆ ಖಾಲಿ ಜಾಗವೆಂಬುದಿಲ್ಲ. ಕೆಲವೇ ಮಿಲಿಮೀಟರ್ ಅಗಲದ ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸಿ ಕೆಲಸ ಮಾಡಬೇಕಾದರೆ ಆ ಗೋಡೆಯನ್ನು ಮೇಲಕ್ಕೆತ್ತಿ, ನೋಡಲು ಮತ್ತು ಕೈಯಾಡಿಸಲು ಜಾಗ ಮಾಡಿಕೊಳ್ಳಲೇಬೇಕು. 1901ರಲ್ಲಿ ಜರ್ಮನಿಯ ಗೇಯೋರ್ಗ್ ಕೆಲ್ಲಿಂಗ್ ನಾಯಿಯೊಂದರ ಹೊಟ್ಟೆಗೆ ಸೋಸಿದ ಗಾಳಿಯನ್ನು ತುಂಬಿ, ಮೂತ್ರಕೋಶವನ್ನು ನೋಡಲು ಬಳಸುತ್ತಿದ್ದ ದರ್ಶಕದಿಂದ ಒಳಗನ್ನು ನೋಡಿ ತೋರಿಸಿದರು. 1910ರಲ್ಲಿ ಸ್ಟಾಕ್‌ಹೋಮ್‌ನ ಹನ್ಸ್ ಕ್ರಿಶ್ಚಿಯನ್ ಯಾಕೊಬೇಯಸ್ ಮನುಷ್ಯರಲ್ಲಿ ಈ ಪರೀಕ್ಷೆ ನಡೆಸಿದ ಅನುಭವವನ್ನು ಪ್ರಕಟಿಸಿದರು. ಆಗೆಲ್ಲ ಬಳಕೆಯಲ್ಲಿದ್ದದ್ದು ಗಾಳಿಯೇ. ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಳಸುವುದು ಮೇಲೆಂದು 1924ರಲ್ಲಿ ಸೂಚಿಸಿದವರು ಸ್ವಿಟ್ಜರ್ಲೆಂಡಿನ ರಿಕಾರ್ಡ್ ಜೋಲಿಕೋಫರ್. ಅವರ ಸೂಚನೆಯ ಹಿಂದಿದ್ದ ಎರಡು ಕಾರಣಗಳು ಇಂದಿಗೂ ಬದಲಾಗಿಲ್ಲ: ಈ ಅನಿಲ ಬೇಗ ರಕ್ತಕ್ಕೆ ಹೀರಿಕೊಂಡು ಹೋಗುತ್ತದೆ ಮತ್ತು ಬೆಂಕಿಗೆ ಆಸ್ಪದ ಕೊಡುವುದಿಲ್ಲ.

ಬೆಂಕಿಯ ಮಾತು ಅತಿಶಯವೆನಿಸಬಹುದು, ಆದರೆ ಹೀಗೆ ಸಣ್ಣ ರಂಧ್ರಗಳ ಮೂಲಕ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳಗಳನ್ನು ಮುಚ್ಚುವುದು ಹೆಚ್ಚಾಗಿ ವಿದ್ಯುತ್ ಶಾಖದಿಂದಲೇ. ಗಾಳಿಯಲ್ಲಿ ಆಮ್ಲಜನಕವಿರುತ್ತದೆ. ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನೂ ಒಂದು ಕಾಲದಲ್ಲಿ ಸಾಕಷ್ಟು ಬಳಸಿದ್ದುಂಟು. ಅದು ಉದರದ ಒಳಪೊರೆಯನ್ನು ಇಂಗಾಲದ ಡೈಆಕ್ಸೈಡಿನಷ್ಟು ಕೆರಳಿಸುವುದಿಲ್ಲವಾದ್ದರಿಂದ, ರೋಗಿಯನ್ನು ಎಚ್ಚರವಾಗಿಟ್ಟುಕೊಂಡು ಒಳಗೆ ನೋಡುವಷ್ಟಕ್ಕೆ ಒಳ್ಳೆಯದೇ ಆಗಿತ್ತು. ಆದರೆ ಅದು ತಾನು ಉರಿಯದಿದ್ದರೂ ಉರಿಯುವುದಕ್ಕೆ ನೆರವಾಗುತ್ತದೆ. ಕರುಳಿಗೆ ಅಕಸ್ಮಾತ್ ಗಾಯವಾಗಿ ಅಲ್ಲಿನ ಹೈಡ್ರೋಜನ್ ಅಥವಾ ಮೀಥೇನ್ ಹೊರಬಂದರೆ ಸ್ಫೋಟವಾಗುವ ಸಾಧ್ಯತೆ ಇರುವುದರಿಂದ ಅದು ಹಿಂದೆ ಸರಿಯಿತು. ಹೀಲಿಯಂ ಮತ್ತು ಆರ್ಗಾನ್ ಉರಿಯುವುದೂ ಇಲ್ಲ, ರಕ್ತವನ್ನು ಆಮ್ಲೀಯಗೊಳಿಸುವುದೂ ಇಲ್ಲ. ಅವುಗಳ ದೋಷವೇ ಬೇರೆ: ರಕ್ತದಲ್ಲಿ ತೀರ ಕಡಿಮೆ ಕರಗುತ್ತವೆ. ಅವುಗಳ ಒಂದು ಗುಳ್ಳೆ ಅಭಿಧಮನಿಯೊಂದರೊಳಗೆ ನುಸುಳಿದರೆ ಅದು ಕರಗದೆ ಹೃದಯದವರೆಗೂ ಸಾಗಿ, ರಕ್ತದ ಹರಿವನ್ನೇ ತಡೆಯಬಲ್ಲದು.

ಈ ಕರಗುವ ಗುಣವೇ ಇಡೀ ವಿಷಯದ ತಿರುಳು, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಕ್ತದ್ರವದಲ್ಲಿ ಇಂಗಾಲದ ಡೈಆಕ್ಸೈಡ್ ಆಮ್ಲಜನಕಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಕರಗುತ್ತದೆ, ಸಾರಜನಕದ ಕರಗುವಿಕೆ ಆಮ್ಲಜನಕದ್ದಕ್ಕಿಂತಲೂ ಕಡಿಮೆ. ಕರಗುವುದರ ಜೊತೆಗೆ ಇನ್ನೊಂದು ಅನುಕೂಲವೂ ಇದೆ. ಕೆಂಪು ರಕ್ತಕಣಗಳೊಳಗಿನ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವು ಈ ಅನಿಲವನ್ನು ನೀರಿನೊಂದಿಗೆ ಕ್ಷಣಮಾತ್ರದಲ್ಲಿ ಕೂಡಿಸಿ, ಅದರ ಬಹುಪಾಲನ್ನು ಬೈಕಾರ್ಬನೇಟ್ ರೂಪಕ್ಕೆ ತರುತ್ತದೆ. ಆ ರೂಪದಲ್ಲಿ ಅದು ಗುಳ್ಳೆಯಾಗದೆ ರಕ್ತದೊಂದಿಗೆ ಶ್ವಾಸಕೋಶಕ್ಕೆ ಬಂದು, ಅಲ್ಲಿ ಮತ್ತೆ ಅನಿಲವಾಗಿ ಉಸಿರಿನೊಡನೆ ಹೊರಗೆ ಹೋಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರ ದೇಹವು ತಾನಾಗಿಯೇ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್‌ನಷ್ಟು ಇಂಗಾಲದ ಡೈಆಕ್ಸೈಡನ್ನು ಉತ್ಪಾದಿಸಿ ಹೊರಹಾಕುತ್ತಲೇ ಇರುತ್ತದೆ. ಲ್ಯಾಪರೊಸ್ಕೋಪಿಯ ವೇಳೆ ಹೊಟ್ಟೆಯ ಒಳಪೊರೆಯಿಂದ ಹೆಚ್ಚುವರಿಯಾಗಿ ರಕ್ತಕ್ಕೆ ಸೇರುವುದು ನಿಮಿಷಕ್ಕೆ ಕೆಲವು ಹತ್ತು ಮಿಲಿಲೀಟರ್‌ಗಳಷ್ಟು ಮಾತ್ರ. ಹೊಟ್ಟೆಯೊಳಗೆ ಮೂರರಿಂದ ಐದು ಲೀಟರ್ ಅನಿಲವಿದ್ದರೂ ಅಷ್ಟೂ ಒಮ್ಮೆಲೇ ರಕ್ತಕ್ಕೆ ನುಗ್ಗುವುದಿಲ್ಲ, ಒಳಗಿನ ಒತ್ತಡವೇ ಪೊರೆಯ ಸೂಕ್ಷ್ಮ ರಕ್ತನಾಳಗಳನ್ನು ಅದುಮಿ ಹೀರಿಕೆಗೆ ಒಂದು ಮಿತಿಯನ್ನು ಹಾಕುತ್ತದೆ. ಹೀಗೆ ಹೆಚ್ಚಾದ ಹೊರೆಯನ್ನು ಅರಿವಳಿಕೆ ತಜ್ಞರು ಉಸಿರಾಟದ ಯಂತ್ರದ ಮೂಲಕ ನಿಭಾಯಿಸುತ್ತಾರೆ: ನಿಮಿಷಕ್ಕೆ ಒಳಹೋಗಿ ಹೊರಬರುವ ಉಸಿರಿನ ಪ್ರಮಾಣವನ್ನು ಸಾಮಾನ್ಯವಾಗಿ ಶೇಕಡ 20ರಿಂದ 30ರಷ್ಟು ಏರಿಸಿದರೆ ಆರೋಗ್ಯವಂತರಲ್ಲಿ ಅದು ಸಾಕಾಗುತ್ತದೆ.

ಈಗ ಅನಿಲ ತುಂಬುವ ಆ ಕೆಲವು ನಿಮಿಷಗಳನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಎಚ್ಚರ ಅತಿ ಹೆಚ್ಚು ಬೇಕಾಗುವುದು ಅಲ್ಲಿಯೇ. ರೋಗಿ ಪೂರ್ಣ ಅರಿವಳಿಕೆಯಲ್ಲಿರುತ್ತಾರೆ. ಶಸ್ತ್ರಚಿಕಿತ್ಸಕರು ಹೊಕ್ಕುಳಿನ ಬಳಿ ಚಿಕ್ಕದೊಂದು ಸೀಳು ಮಾಡಿ, ವೆರೆಸ್ ಸೂಜಿಯನ್ನು ಒಳಗಿಳಿಸುತ್ತಾರೆ. ಹಂಗೇರಿಯ ಯಾನೋಶ್ ವೆರೆಸ್ ಇದನ್ನು 1930ರ ದಶಕದಲ್ಲಿ ರೂಪಿಸಿದ್ದು ಹೊಟ್ಟೆಗಾಗಿ ಅಲ್ಲ, ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ಹಾಯಿಸುವ ಅಂದಿನ ಚಿಕಿತ್ಸೆಗಾಗಿ. ಸೂಜಿಯ ಚೂಪಾದ ಹೊರಕವಚದೊಳಗೆ ಸ್ಪ್ರಿಂಗ್ ಅಳವಡಿಸಿದ ಮೊಂಡು ತುದಿಯೊಂದಿದೆ. ಗಟ್ಟಿಯಾದ ಪದರವನ್ನು ದಾಟುವಾಗ ಅದು ಹಿಂದೆ ಸರಿಯುತ್ತದೆ, ತಡೆ ತಪ್ಪಿದೊಡನೆ ಟಕ್ಕನೆ ಮುಂದೆ ಚಾಚಿ, ಚೂಪು ಭಾಗ ಕರುಳಿಗೆ ತಾಗದಂತೆ ನೋಡಿಕೊಳ್ಳುತ್ತದೆ. ಆ ಚಾಚುವಿಕೆ ಕೈಗೆ ತಿಳಿಯುತ್ತದೆ. ಆದರೂ ಅದನ್ನೊಂದನ್ನೇ ನಂಬುವಂತಿಲ್ಲ. ಇನ್‌ಸಫ್ಲೇಟರ್ ಎಂಬ ಅನಿಲಯಂತ್ರಕ್ಕೆ ಸೂಜಿಯನ್ನು ಜೋಡಿಸಿದ ಕೂಡಲೇ ಕಣ್ಣು ಅದರ ಪರದೆಯ ಮೇಲಿರಬೇಕು. ನಿಮಿಷಕ್ಕೆ ಒಂದು ಲೀಟರ್‌ನಷ್ಟು ನಿಧಾನವಾಗಿ ಅನಿಲ ಹಾಯುತ್ತಿರುವಾಗ ಒಳಗಿನ ಒತ್ತಡ 10 ಮಿ.ಮೀ. ಪಾದರಸಕ್ಕಿಂತ ಕೆಳಗಿದ್ದು, ಅನಿಲ ಸಲೀಸಾಗಿ ಹರಿಯುತ್ತಿದ್ದರೆ ಸೂಜಿಯ ತುದಿ ಸರಿಯಾದ ಜಾಗದಲ್ಲಿದೆ ಎನ್ನಬಹುದು. ಒತ್ತಡ ಮೊದಲಿನಿಂದಲೇ ಹೆಚ್ಚಿದ್ದು ಹರಿವು ಇಲ್ಲದಿದ್ದರೆ ತುದಿ ಹೊಟ್ಟೆಯ ಗೋಡೆಯೊಳಗೋ ಕೊಬ್ಬಿನ ಪದರದೊಳಗೋ ಸಿಕ್ಕಿಕೊಂಡಿರಬಹುದು, ಆಗ ಅನಿಲವನ್ನು ನಿಲ್ಲಿಸಿ ಸೂಜಿಯನ್ನು ಹೊರತೆಗೆಯಬೇಕೇ ಹೊರತು ಒತ್ತಡ ಏರಿಸಿ ನೋಡುವುದಲ್ಲ. ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಕರುಳು ಗೋಡೆಗೆ ಅಂಟಿಕೊಂಡಿರಬಹುದಾದವರಲ್ಲಿ ಸೂಜಿಯನ್ನೇ ಬಿಟ್ಟು, ಕಣ್ಣಾರೆ ನೋಡುತ್ತಾ ಪದರ ಪದರವಾಗಿ ಬಿಡಿಸಿ ನಳಿಕೆ ಇಳಿಸುವ ತೆರೆದ ವಿಧಾನವೂ ಇದೆ. 1971ರಲ್ಲಿ ಹ್ಯಾರಿತ್ ಹ್ಯಾಸನ್ ವಿವರಿಸಿದ ಈ ವಿಧಾನವನ್ನು ಎಲ್ಲ ರೋಗಿಗಳಲ್ಲೂ ಅನುಸರಿಸುವ ಶಸ್ತ್ರಚಿಕಿತ್ಸಕರು ಅನೇಕರಿದ್ದಾರೆ.

ಒತ್ತಡವನ್ನು ತಾನೇ ಅಳೆದು ಹರಿವನ್ನು ತಾನೇ ತಡೆಯುವ ಸ್ವಯಂಚಾಲಿತ ಯಂತ್ರವನ್ನು 1960ರ ದಶಕದಲ್ಲಿ ಬಳಕೆಗೆ ತಂದವರು ಜರ್ಮನಿಯ ಸ್ತ್ರೀರೋಗ ತಜ್ಞ ಕುರ್ಟ್ ಜೆಮ್. ಇಂದಿನ ಕೀಹೋಲ್ ಶಸ್ತ್ರಚಿಕಿತ್ಸೆ ಸಾಧ್ಯವಾದದ್ದರಲ್ಲಿ ಕ್ಯಾಮೆರಾಕ್ಕೆ ಎಷ್ಟು ಪಾಲಿದೆಯೋ ಈ ಯಂತ್ರಕ್ಕೂ ಅಷ್ಟೇ ಪಾಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವರೇ 1980ರಲ್ಲಿ ಲ್ಯಾಪರೊಸ್ಕೋಪಿಯಿಂದ ಅಪೆಂಡಿಕ್ಸ್ ತೆಗೆದರು. ನಿಮ್ಮ ತಾಯಿಯವರಿಗೆ ಈಗ ಆಗಬೇಕಿರುವ ಪಿತ್ತಕೋಶದ ಶಸ್ತ್ರಚಿಕಿತ್ಸೆಯನ್ನು ಲ್ಯಾಪರೊಸ್ಕೋಪಿಯಿಂದ ಮೊದಲು ಮಾಡಿದವರು 1985ರಲ್ಲಿ ಜರ್ಮನಿಯವರೇ ಆದ ಎರಿಕ್ ಮ್ಯೂಹೆ.

ವಯಸ್ಕರಲ್ಲಿ ಯಂತ್ರದ ಒತ್ತಡದ ಮಿತಿಯನ್ನು ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸಕ್ಕೆ ಇಟ್ಟಿರುತ್ತಾರೆ, ಮಕ್ಕಳಲ್ಲಿ ಇನ್ನೂ ಕಡಿಮೆ. 15 ಮಿ.ಮೀ. ಎಂದರೆ ಸುಮಾರು 20 ಸೆಂಟಿಮೀಟರ್ ಎತ್ತರದ ನೀರು ಹೊರಿಸುವಷ್ಟು ಭಾರ. ಕೇಳಲು ಕಡಿಮೆಯೆನಿಸಿದರೂ ದೇಹ ಅದನ್ನು ಗಮನಿಸದೆ ಇರುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆ ಮೇಲಕ್ಕೆ ತಳ್ಳಲ್ಪಟ್ಟು ಶ್ವಾಸಕೋಶಗಳ ಕೆಳಭಾಗ ಸಂಕುಚಿತವಾಗುತ್ತದೆ, ಉಸಿರಾಟದ ಯಂತ್ರ ಹೆಚ್ಚು ಬಲದಿಂದ ಗಾಳಿ ದೂಡಬೇಕಾಗುತ್ತದೆ. ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಗಳು ಅದುಮಿ, ಒತ್ತಡ 20ನ್ನು ದಾಟಿದರೆ ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗುತ್ತದೆ. ಮೂತ್ರಪಿಂಡಗಳಿಗೆ ಹೋಗುವ ರಕ್ತ ತಗ್ಗಿ, ಆ ಹೊತ್ತಿನಷ್ಟು ಮೂತ್ರ ಕಡಿಮೆಯಾಗುವುದುಂಟು. ಒಳಪೊರೆ ಒಮ್ಮೆಲೇ ಹಿಗ್ಗಿದಾಗ ವೇಗಸ್ ನರ ಪ್ರಚೋದನೆಗೊಂಡು ನಾಡಿಬಡಿತ ಥಟ್ಟನೆ ಇಳಿಯಬಹುದು, ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಅನಿಲ ತುಂಬುವ ಮೊದಲ ನಿಮಿಷಗಳಲ್ಲಿ. ಅದಕ್ಕೆ ಮೊದಲ ಚಿಕಿತ್ಸೆ ಔಷಧಿಗಿಂತ ಮುಂಚೆ ಅನಿಲವನ್ನು ಹೊರಬಿಡುವುದು. ಶಸ್ತ್ರಚಿಕಿತ್ಸಕರು ಮತ್ತು ಅರಿವಳಿಕೆ ತಜ್ಞರು ಪರಸ್ಪರ ಮಾತನಾಡುತ್ತಲೇ ಕೆಲಸ ಮಾಡಬೇಕೆಂದು ನಾನು ಕಿರಿಯರಿಗೆ ಒತ್ತಿ ಹೇಳುವುದು ಇದಕ್ಕಾಗಿಯೇ. ಅನಿಲದ ನಲ್ಲಿ ಒಬ್ಬರ ಕೈಯಲ್ಲಿದ್ದರೆ ನಾಡಿಯ ಮೇಲಿನ ಕಣ್ಣು ಇನ್ನೊಬ್ಬರದು.

ಒತ್ತಡವನ್ನು ಒಂದು ಅಂಕಿಗೆ ಇಟ್ಟು ಅದನ್ನೇ ಎಲ್ಲರಿಗೂ ಅನ್ವಯಿಸುವ ರೂಢಿ ಹಲವೆಡೆ ಇನ್ನೂ ಉಳಿದಿದೆ. ಇದು ಸರಿಯಲ್ಲ. ಯುರೋಪಿನ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸಕರ ಸಂಘವು 2002ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೇ, ರೂಢಿಯ ಒತ್ತಡಕ್ಕೆ ಅಂಟಿಕೊಳ್ಳದೆ, ಕೆಲಸಕ್ಕೆ ಸಾಕಾಗುವಷ್ಟು ಕಾಣುವ ಅತ್ಯಂತ ಕಡಿಮೆ ಒತ್ತಡವನ್ನು ಬಳಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಪಿತ್ತಕೋಶದಂತಹ ಶಸ್ತ್ರಚಿಕಿತ್ಸೆಯನ್ನು ಅನೇಕ ರೋಗಿಗಳಲ್ಲಿ 8ರಿಂದ 10 ಮಿ.ಮೀ. ಒತ್ತಡದಲ್ಲಿಯೂ ಮಾಡಿ ಮುಗಿಸಬಹುದು, ಸ್ನಾಯುಗಳನ್ನು ಚೆನ್ನಾಗಿ ಸಡಿಲಿಸುವ ಔಷಧಿ ಕೊಟ್ಟರೆ ಇದು ಇನ್ನಷ್ಟು ಸುಲಭ. ಆದರೆ ಸ್ಥೂಲಕಾಯದವರಲ್ಲಿ, ಅಥವಾ ಉರಿಯೂತದಿಂದ ಅಂಗಗಳ ಗುರುತೇ ಸಿಗದಂತಿರುವಾಗ, ಒತ್ತಡ ತೀರ ಕಡಿಮೆಯಿಟ್ಟು ಸರಿಯಾಗಿ ಕಾಣದೆ ಪಿತ್ತನಾಳಕ್ಕೆ ಗಾಯ ಮಾಡಿಕೊಳ್ಳುವುದು ಅನಿಲದ ಯಾವ ತೊಂದರೆಗಿಂತಲೂ ದೊಡ್ಡ ಅನರ್ಥ. ಅಂಥಲ್ಲಿ ಒತ್ತಡ ಏರಿಸಲು ಹಿಂಜರಿಯಬಾರದು.

ನಿಮ್ಮ ತಾಯಿಯವರ ಉಬ್ಬಸದ ವಿಷಯಕ್ಕೆ ಬರೋಣ. ಅರಿವಳಿಕೆಯಲ್ಲಿರುವ ರೋಗಿಯ ಉಸಿರಿನ ಕೊನೆಯಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಕ್ಯಾಪ್ನೋಗ್ರಾಫ್ ಎಂಬ ಮಾಪಕ ಪ್ರತಿ ಉಸಿರಿಗೂ ಅಳೆದು ಗೆರೆಯಾಗಿ ತೋರಿಸುತ್ತದೆ. ಅದನ್ನು ಸಾಮಾನ್ಯವಾಗಿ 35ರಿಂದ 45 ಮಿ.ಮೀ. ಪಾದರಸದೊಳಗೆ ಇರಿಸಿಕೊಳ್ಳುತ್ತಾರೆ. ಆರೋಗ್ಯವಂತ ಶ್ವಾಸಕೋಶದಲ್ಲಿ ಈ ಅಂಕಿಗೂ ರಕ್ತದಲ್ಲಿರುವ ನಿಜವಾದ ಮಟ್ಟಕ್ಕೂ ಅಂತರ ಕಡಿಮೆ. ಅನಿಲ ತುಂಬಿದ ಮೇಲೆ ರಕ್ತದಲ್ಲಿನ ಮಟ್ಟ ಹದಿನೈದರಿಂದ ಮೂವತ್ತು ನಿಮಿಷಗಳವರೆಗೆ ನಿಧಾನವಾಗಿ ಏರಿ ಒಂದು ಹಂತದಲ್ಲಿ ನಿಲ್ಲುತ್ತದೆ. ಆದರೆ ದೀರ್ಘಕಾಲದ ಶ್ವಾಸನಾಳದ ಅಡಚಣೆಯಿಂದ ಶ್ವಾಸಕೋಶದ ಕೆಲವು ಭಾಗಗಳಿಗೆ ಗಾಳಿಯಾಡುವುದೇ ಕಡಿಮೆಯಾಗಿದ್ದರೆ ಉಸಿರಿನಲ್ಲಿ ಕಾಣುವ ಅಂಕಿ ಸರಿಯಾಗಿದ್ದು, ರಕ್ತದಲ್ಲಿ ಅನಿಲ ಅದಕ್ಕಿಂತ ಬಹಳಷ್ಟು ಹೆಚ್ಚಿರಬಹುದು. ಅಂಥವರಲ್ಲಿ ಅಪಧಮನಿಯ ರಕ್ತವನ್ನೇ ತೆಗೆದು ನೇರವಾಗಿ ಪರೀಕ್ಷಿಸುತ್ತಾರೆ. ಅನಿಲ ಮಿತಿಮೀರಿ ಸೇರಿದರೆ ರಕ್ತ ಆಮ್ಲೀಯವಾಗುತ್ತದೆ, ಹೃದಯದ ಬಡಿತ ಲಯ ತಪ್ಪಬಹುದು. ಮೆದುಳಿನ ರಕ್ತನಾಳಗಳು ಹಿಗ್ಗುವುದರಿಂದ, ತಲೆಬುರುಡೆಯೊಳಗಿನ ಒತ್ತಡ ಮೊದಲೇ ಹೆಚ್ಚಿರುವವರಿಗೆ ಇದು ಗಂಭೀರ ವಿಚಾರ.

ಹಾಗೆಂದು ಉಬ್ಬಸವಿರುವವರಿಗೆ ಲ್ಯಾಪರೊಸ್ಕೋಪಿ ಮಾಡಬಾರದೆಂದಲ್ಲ, ಎಷ್ಟೋ ವೇಳೆ ಅವರಿಗೇ ಅದರ ಪ್ರಯೋಜನ ಹೆಚ್ಚು. ಪಕ್ಕೆಲುಬಿನ ಕೆಳಗೆ ಉದ್ದವಾಗಿ ಸೀಳಿದರೆ ನೋವಿನಿಂದಾಗಿ ಅವರು ಕೆಲವು ದಿನ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮಿ ಕಫ ತೆಗೆಯುವುದಿಲ್ಲ, ಅದರ ಹಿಂದೆಯೇ ನ್ಯುಮೋನಿಯಾ ಬರುತ್ತದೆ. ಒಂದೆರಡು ಗಂಟೆ ಅನಿಲದ ಹೊರೆಯನ್ನು ಯಂತ್ರದ ನೆರವಿನಿಂದ ನಿಭಾಯಿಸಿ, ಆ ಕೆಲವು ದಿನಗಳ ನೋವನ್ನು ತಪ್ಪಿಸುವುದು ಹೆಚ್ಚಿನವರಿಗೆ ಲಾಭದ ಮಾರ್ಗ. ಕಡಿಮೆ ಒತ್ತಡದಲ್ಲಿ ಕೆಲಸ ಮಾಡಿಯೂ ರಕ್ತದಲ್ಲಿನ ಅನಿಲ ಏರುತ್ತಲೇ ಹೋದರೆ ಹೊಟ್ಟೆಯೊಳಗಿನ ಅನಿಲವನ್ನು ಹೊರಬಿಟ್ಟು ಸ್ವಲ್ಪ ಹೊತ್ತು ಕಾಯಬಹುದು, ಅದಕ್ಕೂ ಬಗ್ಗದಿದ್ದರೆ ತೆರೆದ ಶಸ್ತ್ರಚಿಕಿತ್ಸೆಗೆ ಬದಲಾಯಿಸಬಹುದು. ಹಾಗೆ ಬದಲಾಯಿಸಿದರೆ ಅದನ್ನು ಸೋಲೆಂದು ನೀವು ತಿಳಿಯಬೇಡಿ.

ನೀವು ಕೇಳದಿದ್ದರೂ ಹೇಳಬೇಕಾದ ದೊಡ್ಡ ಅಪಾಯವೊಂದಿದೆ: ಅನಿಲವು ನೇರವಾಗಿ ರಕ್ತನಾಳದೊಳಗೆ ನುಗ್ಗುವುದು. ಇದು ಬಹಳ ಅಪರೂಪ. ಆಗ ಕ್ಯಾಪ್ನೋಗ್ರಾಫ್‌ನ ಗೆರೆ ಏರುವ ಬದಲು ಒಮ್ಮೆಲೇ ಕುಸಿಯುತ್ತದೆ, ಏಕೆಂದರೆ ಹೃದಯದಲ್ಲಿ ಸಿಕ್ಕಿಕೊಂಡ ಗುಳ್ಳೆಯಿಂದಾಗಿ ಶ್ವಾಸಕೋಶಕ್ಕೆ ರಕ್ತವೇ ತಲುಪುತ್ತಿರುವುದಿಲ್ಲ. ಜೊತೆಗೆ ರಕ್ತದೊತ್ತಡವೂ ಬೀಳುತ್ತದೆ. ಕೂಡಲೇ ಅನಿಲ ನಿಲ್ಲಿಸಿ, ಹೊಟ್ಟೆ ಖಾಲಿ ಮಾಡಿ, ಶುದ್ಧ ಆಮ್ಲಜನಕ ಕೊಟ್ಟು, ರೋಗಿಯ ತಲೆಯನ್ನು ತಗ್ಗಿಸಿ ಎಡ ಮಗ್ಗುಲಿಗೆ ಹೊರಳಿಸುತ್ತಾರೆ. ಪ್ರಾಣಿಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಜೀವ ತೆಗೆಯಲು ಗಾಳಿ ಎಷ್ಟು ಬೇಕೋ ಅದರ ಸುಮಾರು ಐದು ಪಟ್ಟು ಇಂಗಾಲದ ಡೈಆಕ್ಸೈಡ್ ಬೇಕಾಯಿತು. ಬೇಗ ಕರಗುವ ಅನಿಲವನ್ನೇ ಆರಿಸಿಕೊಂಡಿದ್ದರ ಫಲ ಇಂಥ ಗಳಿಗೆಯಲ್ಲಿ ಸಿಗುತ್ತದೆ.

ಇದರ ಇನ್ನೊಂದು ಮುಖವನ್ನು ಗರ್ಭಾಶಯದ ಒಳಭಾಗವನ್ನು ನೋಡುವ ಹಿಸ್ಟರೊಸ್ಕೋಪಿಯಲ್ಲಿ ಕಾಣಬಹುದು. ಇಂದು ಅದಕ್ಕೆ ಹೆಚ್ಚಾಗಿ ಉಪ್ಪುನೀರಿನ ದ್ರಾವಣವನ್ನೇ ಬಳಸುತ್ತಾರೆ. ಅನಿಲವನ್ನೇ ಬಳಸುವುದಾದರೆ ಹರಿವು ನಿಮಿಷಕ್ಕೆ 100 ಮಿಲಿಲೀಟರ್ ಮೀರಬಾರದು, ಒತ್ತಡ 100 ಮಿ.ಮೀ. ಪಾದರಸ ದಾಟಬಾರದು, ಅದಕ್ಕೆಂದೇ ಬೇರೆ ಯಂತ್ರವಿದೆ. ಲ್ಯಾಪರೊಸ್ಕೋಪಿಯ ಯಂತ್ರ ನಿಮಿಷಕ್ಕೆ ಲೀಟರ್‌ಗಟ್ಟಲೆ ಅನಿಲ ದೂಡಬಲ್ಲದು. ರಕ್ತನಾಳಗಳು ತೆರೆದುಕೊಂಡಿರುವ ಗರ್ಭಾಶಯದ ಗೋಡೆಗೆ ಅದನ್ನು ಜೋಡಿಸುವುದು ಪ್ರಾಣಕ್ಕೇ ಎರವಾಗುತ್ತದೆ, ಹಾಗೆ ಆದ ಸಾವುಗಳು ವೈದ್ಯಕೀಯ ದಾಖಲೆಯಲ್ಲಿವೆ. ಅನಿಲ ಎರಡರಲ್ಲೂ ಒಂದೇ, ಕೊಂದದ್ದು ಅದರ ಹರಿವಿನ ವೇಗ.

ಇನ್ನು ನಿಮ್ಮ ಅಣ್ಣನವರ ಕೊಲೊನೊಸ್ಕೋಪಿ. ದೊಡ್ಡ ಕರುಳು ಮುದುಡಿಕೊಂಡಿರುವುದರಿಂದ ಅದನ್ನು ಹಿಗ್ಗಿಸಿಯೇ ನೋಡಬೇಕು. ಕೋಣೆಯ ಗಾಳಿಯನ್ನು ಪಂಪ್ ಮಾಡುವುದು ಹಳೆಯ ರೂಢಿ: ಅದು ಎಂಡೋಸ್ಕೋಪಿಯ ಯಂತ್ರದಲ್ಲೇ ಇರುತ್ತದೆ, ಬೇರೆ ಸಿಲಿಂಡರ್ ಬೇಕಿಲ್ಲ. ಆದರೆ ಗಾಳಿಯ ಮುಕ್ಕಾಲು ಪಾಲಿಗೂ ಹೆಚ್ಚು ಸಾರಜನಕ. ಕರುಳಿನ ಗೋಡೆ ಅದನ್ನು ಬಹಳ ನಿಧಾನವಾಗಿ ಹೀರುತ್ತದೆ, ಉಳಿದದ್ದು ಕೆಳಗಿನಿಂದಲೇ ಹೊರಬರಬೇಕು. ಇಂಗಾಲದ ಡೈಆಕ್ಸೈಡನ್ನಾದರೆ ಕರುಳು ಸಾರಜನಕಕ್ಕಿಂತ ನೂರೈವತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಹೀರಿಕೊಳ್ಳುತ್ತದೆ. ಎರಡನ್ನೂ ಹೋಲಿಸಿದ ಅನೇಕ ಅಧ್ಯಯನಗಳಲ್ಲಿ ಪರೀಕ್ಷೆಯ ನಂತರದ ಗಂಟೆಗಳಲ್ಲಿ ನೋವು ಮತ್ತು ಉಬ್ಬರ ಈ ಅನಿಲ ಬಳಸಿದವರಲ್ಲಿ ಸ್ಪಷ್ಟವಾಗಿ ಕಡಿಮೆ ಎಂದು ಕಂಡುಬಂದಿದೆ. ನಿಮ್ಮ ಅಣ್ಣನವರು ಒದ್ದಾಡಿದ್ದು ಪರೀಕ್ಷೆ ಕೆಟ್ಟದ್ದಾಗಿ ನಡೆಯಿತೆಂದಲ್ಲ, ಒಳಗುಳಿದ ಸಾರಜನಕ ಹೊರಬರಲು ಅಷ್ಟು ಹೊತ್ತು ಹಿಡಿಯಿತು. ಮುಂದೊಮ್ಮೆ ಪರೀಕ್ಷೆ ಮಾಡಿಸುವುದಿದ್ದರೆ ಈ ಅನಿಲದ ಸೌಲಭ್ಯವಿದೆಯೇ ಎಂದು ಕೇಳಿ. ಕರುಳನ್ನು ಗಾಳಿಯ ಬದಲು ನೀರು ತುಂಬಿ ಹಿಗ್ಗಿಸುವ ವಿಧಾನವೂ ಇದ್ದು, ಅದೂ ನೋವನ್ನು ಕಡಿಮೆ ಮಾಡುತ್ತದೆ.

ಕೊಲೊನೊಸ್ಕೋಪಿಯಲ್ಲಿ ಈ ಅನಿಲದ ಕಡೆಗೆ ಗಮನ ಸೆಳೆದದ್ದು ಉಬ್ಬರಕ್ಕಿಂತ ಮೊದಲು ಸ್ಫೋಟದ ಭಯ. ಕರುಳಿನ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಮತ್ತು ಮೀಥೇನ್ ಉತ್ಪಾದಿಸುತ್ತವೆ. ಹೈಡ್ರೋಜನ್ ಶೇಕಡ 4ನ್ನೂ ಮೀಥೇನ್ ಶೇಕಡ 5ನ್ನೂ ದಾಟಿ, ಜೊತೆಗೆ ಆಮ್ಲಜನಕವೂ ಸೇರಿದರೆ ಕಿಡಿಯೊಂದು ಸಾಕು. ಕರುಳು ಶುಚಿಗೊಳಿಸಲು ಮ್ಯಾನಿಟಾಲ್ ಎಂಬ ಸಕ್ಕರೆ ರೂಪದ ವಸ್ತುವನ್ನು ಕುಡಿಸುತ್ತಿದ್ದ ಕಾಲದಲ್ಲಿ, ಅದನ್ನು ಬ್ಯಾಕ್ಟೀರಿಯಾಗಳು ಹುದುಗಿಸಿ ಹೈಡ್ರೋಜನ್ ಹೆಚ್ಚಿಸುತ್ತಿದ್ದವು. ವಿದ್ಯುತ್ ಕುಣಿಕೆಯಿಂದ ಗಂಟು ತೆಗೆಯುವಾಗ ಕರುಳು ಸ್ಫೋಟಗೊಂಡು ರೋಗಿ ತೀರಿಕೊಂಡ ಪ್ರಕರಣ 1979ರಲ್ಲಿ ವರದಿಯಾಯಿತು. ಈಗ ಬಳಸುವ ಶುಚಿಕಾರಕ ದ್ರಾವಣಗಳು ಹಾಗೆ ಹುದುಗುವುದಿಲ್ಲ, ಕರುಳು ಚೆನ್ನಾಗಿ ಶುಚಿಯಾಗಿದ್ದರೆ ಆ ಭಯವಿಲ್ಲ.

ಕೊಲೊನೊಸ್ಕೋಪಿಯಲ್ಲಿ ಈ ಅನಿಲ ಒಂದು ಅನುಕೂಲವಾದರೆ, ಕೆಲವು ಎಂಡೋಸ್ಕೋಪಿ ಚಿಕಿತ್ಸೆಗಳಲ್ಲಿ ಅನಿವಾರ್ಯ. ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗದ ಅಕಲೇಸಿಯಾ ಎಂಬ ರೋಗಕ್ಕೆ, ಬಾಯಿಯ ಮೂಲಕವೇ ಎಂಡೋಸ್ಕೋಪ್ ಇಳಿಸಿ, ಅನ್ನನಾಳದ ಗೋಡೆಯೊಳಗೆ ಸುರಂಗ ಕೊರೆದು ಆ ಸ್ನಾಯುವನ್ನು ಕತ್ತರಿಸುವ ಪೋಯೆಮ್ ಎಂಬ ಚಿಕಿತ್ಸೆಯನ್ನು ಜಪಾನಿನ ಹರುಹಿರೊ ಇನೌಯೆ 2008ರಲ್ಲಿ ಮೊದಲು ಮಾಡಿದರು. ಅಂಥ ಸುರಂಗದಿಂದ ಅನಿಲ ಎದೆಯ ನಡುಭಾಗಕ್ಕೋ ಹೊಟ್ಟೆಗೋ ಸೋರುವುದು ಸಾಮಾನ್ಯ. ಸೋರಿದ್ದು ಗಾಳಿಯಾದರೆ ದಿನಗಟ್ಟಲೆ ಉಳಿದು ಹೃದಯ ಮತ್ತು ಶ್ವಾಸಕೋಶಗಳನ್ನು ಒತ್ತಬಹುದು, ಇಂಗಾಲದ ಡೈಆಕ್ಸೈಡಾದರೆ ಬೇಗನೆ ಹೀರಿಹೋಗುತ್ತದೆ. ಪಿತ್ತನಾಳದ ಎಂಡೋಸ್ಕೋಪಿಯಾದ ಇಆರ್‌ಸಿಪಿಯಲ್ಲಿಯೂ ಗಾಳಿಯ ಗುಳ್ಳೆಗಳು ರಕ್ತನಾಳಕ್ಕೆ ಸೇರಿದ ಪ್ರಕರಣಗಳಿರುವುದರಿಂದ ಈ ಅನಿಲವೇ ಮೇಲು. ಎದೆಗೂಡಿನ ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಬಳಸುವಾಗ ಒತ್ತಡವನ್ನು ಹೊಟ್ಟೆಗಿಡುವುದರ ಅರ್ಧದಷ್ಟಕ್ಕೆ ಇಳಿಸುತ್ತಾರೆ.

ಸಿಲಿಂಡರಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಇದನ್ನು ಶಸ್ತ್ರಚಿಕಿತ್ಸಾ ಕೊಠಡಿಯ ಸಿಬ್ಬಂದಿ ಓದುತ್ತಿದ್ದರೆ ಅವರಿಗಾಗಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರಿನಲ್ಲಿ ಹೆಚ್ಚಿನ ಪಾಲು ದ್ರವವಾಗಿರುತ್ತದೆ. ಅಡುಗೆ ಅನಿಲದ ಸಿಲಿಂಡರಿನಂತೆಯೇ ಇದರಲ್ಲಿಯೂ ದ್ರವ ಇರುವವರೆಗೆ ಒತ್ತಡ ಇಳಿಯುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಪಕ ಸುಮಾರು 57 ಬಾರ್ ಎಂದೇ ತೋರಿಸುತ್ತಿದ್ದು, ದ್ರವವೆಲ್ಲ ಮುಗಿದ ಮೇಲೆ ಮುಳ್ಳು ಬೇಗಬೇಗನೆ ಕೆಳಗಿಳಿಯುತ್ತದೆ. ಹೀಗಾಗಿ ಮಾಪಕವನ್ನು ನೋಡಿ ಅರ್ಧ ತುಂಬಿದೆ ಎಂದು ಹೇಳಲಾಗದು, ತೂಕವೇ ನಂಬಿಕಸ್ಥ ಅಳತೆ, ಮತ್ತು ತುಂಬಿದ ಇನ್ನೊಂದು ಸಿಲಿಂಡರ್ ಕೈಗೆಟಕುವಲ್ಲಿ ಇರಲೇಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಬೇಕು, ಮಲಗಿಸಿದರೆ ದ್ರವವೇ ಯಂತ್ರದೊಳಗೆ ಹೋಗಿ ಕೆಡಿಸುತ್ತದೆ. ಯಂತ್ರಕ್ಕೂ ಕೊಳವೆಗೂ ನಡುವೆ ಫಿಲ್ಟರ್ ಹಾಕುವುದನ್ನು ಮರೆತರೆ ಒಬ್ಬ ರೋಗಿಯ ಹೊಟ್ಟೆಯ ದ್ರವ ಹಿಮ್ಮುಖವಾಗಿ ಯಂತ್ರವನ್ನು ಸೇರಿ ಮುಂದಿನ ರೋಗಿಗೆ ಸೋಂಕಾಗಬಹುದು. ಸಿಲಿಂಡರಿನಿಂದ ಬರುವ ಅನಿಲ ತಂಪಾಗಿಯೂ ಒಣಗಿಯೂ ಇರುವುದರಿಂದ ಅದನ್ನು ಬಿಸಿ ಮಾಡಿ, ತೇವಗೊಳಿಸಿ ಕೊಡುವ ಉಪಕರಣಗಳೂ ಬಂದಿವೆ, ಆದರೆ ಸಾಮಾನ್ಯ ಶಸ್ತ್ರಚಿಕಿತ್ಸೆಗಳಲ್ಲಿ ಅವುಗಳಿಂದ ರೋಗಿಗೆ ಆಗುವ ಲಾಭ ಅಲ್ಪ.

ಭುಜದ ನೋವು ನಿಜ. ಅನೇಕರಿಗೆ ಹೊಟ್ಟೆಯ ಗಾಯಗಳಿಗಿಂತ ಅದೇ ಹೆಚ್ಚು ಕಾಡುತ್ತದೆ. ವಪೆಗೆ ಹೋಗುವ ನರ ಹುಟ್ಟುವುದು ಕತ್ತಿನಲ್ಲಿ, ಬೆನ್ನುಹುರಿಯ ಮೂರರಿಂದ ಐದನೆಯ ಭಾಗಗಳಿಂದ. ಭುಜದ ಚರ್ಮದ ಸಂವೇದನೆಯೂ ಬಹುಮಟ್ಟಿಗೆ ಅಲ್ಲಿಗೇ ತಲುಪುವುದರಿಂದ, ವಪೆ ಹಿಗ್ಗಿ ಕೆರಳಿದಾಗ ಮೆದುಳು ಆ ನೋವನ್ನು ಭುಜದ್ದೆಂದು ಗ್ರಹಿಸುತ್ತದೆ. ವಪೆಯ ಕೆಳಗೆ ಉಳಿದ ಅನಿಲವೂ, ಅದು ತೇವದೊಡನೆ ಸೇರಿ ಉಂಟಾಗುವ ಆಮ್ಲವೂ ಇದಕ್ಕೆ ಕಾರಣ. ಮುಗಿಸುವ ಮುನ್ನ ಅನಿಲವನ್ನು ಅವಸರಪಡದೆ ಪೂರ್ತಿಯಾಗಿ ಹೊರತೆಗೆಯುವುದು, ಅರಿವಳಿಕೆ ತಜ್ಞರು ಆ ಹೊತ್ತಿಗೆ ಶ್ವಾಸಕೋಶಗಳನ್ನು ಕೆಲವು ಬಾರಿ ಚೆನ್ನಾಗಿ ಹಿಗ್ಗಿಸಿ ವಪೆಯನ್ನು ಕೆಳಗೊತ್ತುವುದು, ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವುದು, ಇವು ಮೂರೂ ಆ ನೋವನ್ನು ತಗ್ಗಿಸುತ್ತವೆ. ಖರ್ಚಿಲ್ಲದ ಈ ಒಂದೆರಡು ನಿಮಿಷಗಳ ಕೆಲಸವನ್ನು ಯಾರೂ ಬಿಡಬಾರದು. ಉಳಿದ ಅನಿಲ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹೀರಿಹೋಗುತ್ತದೆ, ನೋವೂ ಅದರೊಡನೆ ಹೋಗುತ್ತದೆ. ಎದ್ದು ಓಡಾಡುವುದು ಮತ್ತು ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆ ಸಾಕು. ಕೆಲವರಲ್ಲಿ ಕತ್ತು ಅಥವಾ ಎದೆಯ ಚರ್ಮದಡಿ ಅನಿಲ ಸೇರಿ ಊದಿಕೊಂಡು, ಬೆರಳಿನಿಂದ ಒತ್ತಿದರೆ ಚರಚರ ಎನ್ನುವುದುಂಟು. ಅದನ್ನು ವೈದ್ಯರಿಗೆ ತೋರಿಸಿ, ಹೆಚ್ಚಾಗಿ ತಾನಾಗಿಯೇ ಇಳಿಯುತ್ತದೆ. ಆದರೆ ಎದೆನೋವು, ಏದುಸಿರು, ಜ್ವರ, ಕಾಮಾಲೆ, ದಿನ ಕಳೆದಂತೆ ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಇವು ಯಾವುವೂ ಅನಿಲದಿಂದಾದದ್ದೆಂದು ಮನೆಯಲ್ಲೇ ಸುಮ್ಮನಿರಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಶಸ್ತ್ರಚಿಕಿತ್ಸೆಗೆ ಮುನ್ನ ನಿಮ್ಮ ತಾಯಿಯವರನ್ನು ಅರಿವಳಿಕೆ ತಜ್ಞರಿಗೆ ತೋರಿಸುತ್ತಾರೆ. ಉಬ್ಬಸ ಎಷ್ಟು ವರ್ಷಗಳಿಂದ ಇದೆ, ರಾತ್ರಿ ಏಳಿಸುತ್ತದೆಯೇ, ಎಷ್ಟು ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ, ಯಾವ ಇನ್ಹೇಲರ್ ದಿನಕ್ಕೆ ಎಷ್ಟು ಸಲ, ಕಳೆದ ತಿಂಗಳುಗಳಲ್ಲಿ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದಾರೆಯೇ, ಇವನ್ನೆಲ್ಲ ಅವರಿಗೆ ತಿಳಿಸಿ. ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆ ಬೇಕೆಂದರೆ ಹೆದರದೆ ಮಾಡಿಸಿ. ಹೃದಯದ ತೊಂದರೆ, ಗ್ಲಾಕೋಮಾ, ತಲೆಯೊಳಗಿನ ನೀರು ಹರಿಸಲು ಹಾಕಿದ ಷಂಟ್, ಹಿಂದಿನ ಹೊಟ್ಟೆಯ ಶಸ್ತ್ರಚಿಕಿತ್ಸೆ, ಇವುಗಳಲ್ಲಿ ಯಾವುದಿದ್ದರೂ ಹೇಳಿ. ಕೆಮ್ಮು, ಕಫ ಅಥವಾ ಜ್ವರ ಹೊಸದಾಗಿ ಕಾಣಿಸಿಕೊಂಡಿದ್ದರೆ ಅದು ಗುಣವಾಗುವವರೆಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದು ಒಳ್ಳೆಯದು, ಪಿತ್ತಕೋಶದ ತುರ್ತು ಸೋಂಕಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಎಂದಿನ ಇನ್ಹೇಲರ್‌ಗಳನ್ನು ಶಸ್ತ್ರಚಿಕಿತ್ಸೆಯ ದಿನದ ಬೆಳಿಗ್ಗೆಯೂ ತಪ್ಪಿಸದೆ ತೆಗೆದುಕೊಳ್ಳಲಿ, ಉಪವಾಸದ ನಿಯಮಕ್ಕೆ ಅದರಿಂದ ಭಂಗ ಬರುವುದಿಲ್ಲ, ಮತ್ತು ಅವನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.